ಕರಾವಳಿಯ ಹೆದರಿಕೆ ಕಪ್ಪು ಚೇಳಿನ ಮೇಲೆ, ಅಪಾಯ ಕೆಂಪು ಚೇಳಿನಲ್ಲಿ

ನಾಗರ ಪಂಚಮಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚೇಳಿನದೇ ಸುದ್ದಿ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ಭಕ್ತರು ಚೇಳುಗಳನ್ನು ಕೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುವ ವಿಡಿಯೊ ಒಂದು ಕಡೆ. ಎಲ್ಲೋ ಚೇಳು ಕುಟುಕಿ ಮಗು ತೀರಿಕೊಂಡ ಸುದ್ದಿ ಇನ್ನೊಂದು ಕಡೆ. ಇಲ್ಲಿ ಮಳೆಯೂ ಅದೇ ಹೊತ್ತಿಗೆ ಬಿರುಸಾಗಿರುತ್ತದೆ. ಬಚ್ಚಲಿನ ಮೂಲೆಯಲ್ಲಿ ಅಂಗೈಯಗಲದ ಕಪ್ಪು ಚೇಳು ಕಾಣಿಸಿಕೊಂಡರೆ ಅದರ ಫೋಟೊ ಕೆಳಗೆ ‘ಕಚ್ಚಿದರೆ ಐದೇ ನಿಮಿಷ’ ಎಂಬ ಒಕ್ಕಣೆ ಸೇರಿಕೊಳ್ಳುತ್ತದೆ. ಒಂದೇ ಪ್ರಾಣಿ ಒಂದೂರಲ್ಲಿ ಸಾಧುವಾಗಿದ್ದು ಇನ್ನೊಂದೂರಲ್ಲಿ ಜೀವ ತೆಗೆಯುವುದು ಹೇಗೆ ಎಂಬ ಗೊಂದಲ ಸಹಜ.

ಒಂದೇ ಪ್ರಾಣಿ ಎಂದುಕೊಳ್ಳುವುದರಿಂದಲೇ ಈ ಗೊಂದಲ. ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಜಾತಿಯ ಚೇಳುಗಳಿವೆ. ಮನುಷ್ಯನ ಜೀವಕ್ಕೆ ಕುತ್ತು ತರಬಲ್ಲವು ಅವುಗಳಲ್ಲಿ ಕೆಲವೇ ಡಜನ್. ನಮ್ಮ ಕರಾವಳಿಯಲ್ಲಿ ಹೆದರಿಕೆ ಗಾತ್ರದ ಬೆನ್ನು ಹತ್ತಿದೆ, ಆದರೆ ಗಾತ್ರ ದೊಡ್ಡದಾದಷ್ಟೂ ವಿಷ ಜೋರು ಎಂದೇನೂ ಇಲ್ಲ.

ಇಕ್ಕಳ ನೋಡಿ, ಬಾಲ ನೋಡಿ

ಮುರಕಲ್ಲಿನ ಸಂದಿಯಿಂದ ಹೊರಬರುವ ದೊಡ್ಡ ಕಪ್ಪು ಚೇಳುಗಳನ್ನು ಬಹುಕಾಲ ಹೆಟೆರೊಮೆಟ್ರಸ್ ಎಂಬ ಕುಲಕ್ಕೆ ಸೇರಿಸಿದ್ದರು. 2020ರಲ್ಲಿ ಆ ಕುಲವನ್ನು ಒಡೆದಾಗ ಪಶ್ಚಿಮ ಘಟ್ಟದ ಹಲವು ಜಾತಿಗಳು ಸಹ್ಯಾದ್ರಿಮೆಟ್ರಸ್ ಎಂಬ ಹೊಸ ಕುಲಕ್ಕೆ ಹೋದವು. ಅವುಗಳಲ್ಲಿ ಒಂದಕ್ಕೆ ನಮ್ಮ ಕನರಾ ಸೀಮೆಯದೇ ಹೆಸರು: ಸಹ್ಯಾದ್ರಿಮೆಟ್ರಸ್ ಕನರೆನ್ಸಿಸ್, ಪ್ರಾಣಿಶಾಸ್ತ್ರಜ್ಞ ಪೋಕಾಕ್ 1900ರಲ್ಲಿ ವಿವರಿಸಿದ್ದು. ಈ ಬಳಗದ ಚೇಳುಗಳು ಬಾಲ ಸೇರಿ ಹತ್ತು ಸೆಂ.ಮೀ. ದಾಟುತ್ತವೆ. ಮೈ ಕಪ್ಪು ಅಥವಾ ಹಸಿರು ಮಿಶ್ರಿತ ಕಪ್ಪು, ಇಕ್ಕಳ ಏಡಿಯದರಂತೆ ದಪ್ಪ, ಅಗಲ. ಬಾಲ ಅದಕ್ಕೆ ಹೋಲಿಸಿದರೆ ಸಪೂರ.

ಕೆಂಪು ಚೇಳು ಬೇರೆಯೇ ಕುಟುಂಬದ್ದು. ವೈಜ್ಞಾನಿಕ ಹೆಸರು ಹಾಟೆಂಟೊಟ್ಟಾ ಟ್ಯಾಮುಲಸ್. ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿ ಬ್ಯೂಥಸ್ ಅಥವಾ ಮೆಸೊಬ್ಯೂಥಸ್ ಟ್ಯಾಮುಲಸ್ ಎಂದು ಸಿಗುವುದೂ ಇದೇ. ಉದ್ದ 5ರಿಂದ 9 ಸೆಂ.ಮೀ. ಬಣ್ಣ ಇಟ್ಟಿಗೆ ಕೆಂಪಿನಿಂದ ತಿಳಿ ಕಂದಿನವರೆಗೆ, ಕಾಲುಗಳು ಹಳದಿ ಛಾಯೆಯವು. ಇಕ್ಕಳದ ಬೆರಳುಗಳು ಸಣ್ಣ ಚಿಮಟದಂತೆ ತೆಳು, ಬಾಲ ಮಾತ್ರ ದಷ್ಟಪುಷ್ಟ. ಚೇಳನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿದ್ದರೆ ಅಡಿಯಿಂದ ನೋಡಿ. ಕಾಲುಗಳು ಕೂಡುವ ಜಾಗದ ನಡುವೆ ಒಂದು ಪುಟ್ಟ ಫಲಕ ಇದೆ. ಅದು ತ್ರಿಕೋನವಾಗಿದ್ದರೆ ಕೆಂಪು ಚೇಳಿನ ಕುಟುಂಬ, ಐದು ಮೂಲೆಯದಾಗಿದ್ದರೆ ಕಪ್ಪು ಚೇಳಿನ ಬಳಗ.

ಇಕ್ಕಳದ ಲಕ್ಷಣ ನೂರಕ್ಕೆ ನೂರು ನಿಖರವಲ್ಲ. ಹಡಗಿನ ಸರಕಿನ ಜೊತೆ ಉಷ್ಣವಲಯದ ಬಂದರುಗಳಿಗೆಲ್ಲ ಹಬ್ಬಿದ ಐಸೊಮೆಟ್ರಸ್ ಮ್ಯಾಕ್ಯುಲೇಟಸ್ ಎಂಬ ಕಂದು ಚೇಳಿಗೂ ಇಕ್ಕಳ ತೆಳುವೇ, ವಿಷ ಮಾತ್ರ ಸೌಮ್ಯ. ಅಂದರೆ ಈ ಅಳತೆಗೋಲು ತಪ್ಪಿದರೂ ಸಾಮಾನ್ಯವಾಗಿ ಎಚ್ಚರದ ಕಡೆಗೇ ತಪ್ಪುತ್ತದೆ. ಗಾತ್ರದ ಅಳತೆಗೋಲು ತಪ್ಪುವುದು ತಿರುವುಮುರುವಾಗಿ: ಸಣ್ಣ ಕೆಂಪು ಚೇಳನ್ನು ‘ಮರಿ ಇರಬೇಕು’ ಎಂದು ಹಗುರ ಮಾಡಿಬಿಡುತ್ತದೆ.

ಬಲ ಇಕ್ಕಳದಲ್ಲಿದ್ದರೆ ವಿಷಕ್ಕೆ ಕೆಲಸ ಕಡಿಮೆ

ದಪ್ಪ ಇಕ್ಕಳದ ಚೇಳು ಜಿರಳೆಯನ್ನೋ ಮಿಡತೆಯನ್ನೋ ಹಿಡಿದು ಅರೆದುಬಿಡುತ್ತದೆ. ಎಷ್ಟೋ ಬಾರಿ ಕೊಂಡಿ ಎತ್ತುವುದೇ ಇಲ್ಲ. ತೆಳು ಇಕ್ಕಳದ ಚೇಳಿಗೆ ಆ ಸೌಕರ್ಯ ಇಲ್ಲ. ಬೇಟೆ ಕೊಸರಿಕೊಳ್ಳುವ ಮೊದಲೇ ಅದರ ನರಗಳನ್ನು ಕೆಡಿಸಬೇಕು, ಹಾಗಾಗಿ ಅದರ ವಿಷ ನರದ ಮೇಲೇ ಗುರಿಯಿಟ್ಟದ್ದು. ಕೆಂಪು ಚೇಳಿನ ವಿಷದ ಕೆಲವು ಪ್ರೋಟೀನುಗಳು ನರಕೋಶದ ಸೋಡಿಯಂ ಬಾಗಿಲು ಮುಚ್ಚದಂತೆ ತಡೆಯುತ್ತವೆ. ಇನ್ನು ಕೆಲವು ಪೊಟ್ಯಾಸಿಯಂ ಬಾಗಿಲಿಗೆ ಅಡ್ಡ ಕೂರುತ್ತವೆ. ಎರಡೂ ಸೇರಿದಾಗ ನರ ಸುಮ್ಮನಾಗುವುದೇ ಇಲ್ಲ, ಸಂದೇಶ ಕಳಿಸುತ್ತಲೇ ಇರುತ್ತದೆ. ಅಡ್ರಿನಲಿನ್ ಬಳಗದ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಆ ಒತ್ತಡದ ಎದುರು ದುಡಿದು ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಂಪು ಚೇಳಿನಿಂದ ಆಗುವ ಸಾವಿನ ಮುಖ್ಯ ದಾರಿ ಇದು. ಮಗುವಿಗೂ ದೊಡ್ಡವರಿಗೂ ಇಳಿಯುವ ವಿಷದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹತ್ತು ಕಿಲೊ ತೂಕದ ಮೈಗೆ ಅದು ಎಷ್ಟೋ ಪಟ್ಟು ಭಾರ.

ಕಂದಕೂರಿನಲ್ಲಿ ನಡೆಯುವುದನ್ನು ಭಕ್ತರು ದೇವಿಯ ಮಹಿಮೆ ಎನ್ನುತ್ತಾರೆ. ಜೀವವಿಜ್ಞಾನ ಹೇಳುವುದು ಚೇಳಿನ ಸ್ವಭಾವದ ಬಗ್ಗೆ. ವಿಷ ತಯಾರಿಸುವುದು ಅದಕ್ಕೆ ದುಬಾರಿ, ಖಾಲಿಯಾದರೆ ಮತ್ತೆ ತುಂಬಲು ದಿನಗಳು ಬೇಕು, ಹಾಗಾಗಿ ಸುಮ್ಮಸುಮ್ಮನೆ ಚುಚ್ಚುವುದಿಲ್ಲ. ಚುಚ್ಚುವುದು ಅದುಮಿದಾಗ, ಬೆಚ್ಚಿದಾಗ, ಹೊರಬೀಳಲು ದಾರಿ ಸಿಗದಾಗ. ಬಿಚ್ಚಿದ ಅಂಗೈ ಮೇಲೆ ಈ ಮೂರೂ ಇಲ್ಲ; ಕತ್ತಲಲ್ಲಿ ಚಪ್ಪಲಿಗೆ ತೂರಿಸಿದ ಕಾಲಿನ ಅಡಿ ಮೂರೂ ಇವೆ. ವಿಡಿಯೊ ನೋಡಿ ಮನೆಯಲ್ಲಿ ಅನುಕರಿಸುವ ಮಕ್ಕಳಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡುವುದಿಲ್ಲ ಎನ್ನುವುದೇ ಆತಂಕ.

ಮೀಟರುದ್ದದ ಚೇಳು ನಿಜವಾಗಿ ಇತ್ತೇ?

‘ಲೋಕದ ಅತಿ ಹಳೆಯ ಚೇಳು ಪತ್ತೆ’ ಎಂಬ ಸುದ್ದಿಯೂ ಆಗಾಗ ಓದುಗರನ್ನು ಗೊಂದಲಕ್ಕೆ ಕೆಡವುತ್ತದೆ. 2020ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಪಳೆಯುಳಿಕೆಯೊಂದನ್ನು ಪ್ಯಾರಿಯೊಸ್ಕಾರ್ಪಿಯೊ ಎಂದು ಹೆಸರಿಸಿ, ಸುಮಾರು 43.7 ಕೋಟಿ ವರ್ಷ ಹಿಂದಿನ, ಎಲ್ಲಕ್ಕಿಂತ ಹಳೆಯ ಚೇಳು ಎಂದು ಸಾರಲಾಯಿತು. ಮರು ವರ್ಷವೇ ಇನ್ನೊಂದು ತಂಡ ಅದೇ ಬಗೆಯ ಪಳೆಯುಳಿಕೆಗಳನ್ನು ಮತ್ತೆ ಪರೀಕ್ಷಿಸಿ, ಇದು ಚೇಳೇ ಅಲ್ಲ, ಯಾವ ಗುಂಪಿಗೂ ಸಲೀಸಾಗಿ ಸೇರದ ಸಂಧಿಪದಿ ಎಂದು ವಾದಿಸಿತು. ಮೊದಲ ಸುದ್ದಿ ಓದಿದಷ್ಟು ಜನ ಎರಡನೆಯದನ್ನು ಓದಲಿಲ್ಲ. ಅದನ್ನು ಬದಿಗಿಟ್ಟರೂ ಸ್ಕಾಟ್ಲೆಂಡಿನ ಡೊಲಿಕೊಫೋನಸ್, 2015ರಲ್ಲಿ ಕೆನಡಾದಿಂದ ವರದಿಯಾದ ಎರಮೊಸ್ಕಾರ್ಪಿಯಸ್ ಇವೆ, ಎರಡೂ ಸಿಲೂರಿಯನ್ ಯುಗದವು, ಅಂದರೆ ಸುಮಾರು 42ರಿಂದ 44 ಕೋಟಿ ವರ್ಷ ಹಿಂದಿನವು. ಡೈನೊಸಾರ್‌ಗಳು ಬಂದದ್ದು ಅದಾಗಿ ಸುಮಾರು ಇಪ್ಪತ್ತು ಕೋಟಿ ವರ್ಷಗಳ ಮೇಲೆ.

ಆ ಮೊದಲ ಚೇಳುಗಳು ನೀರಿನಲ್ಲಿದ್ದವೋ ನೆಲದ ಮೇಲೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ. ಹಳೆಯ ಪಳೆಯುಳಿಕೆಗಳು ಸಿಗುವುದು ಹೆಚ್ಚಾಗಿ ಸಮುದ್ರದಲ್ಲೋ ಅದರ ಅಂಚಿನಲ್ಲೋ ಕೂಡಿಕೊಂಡ ಕಲ್ಲಿನಲ್ಲಿ, ಆದ್ದರಿಂದ ಚೇಳು ಮೊದಲು ಜಲಚರ ಎಂದು ಒಂದು ಪಕ್ಷ. ಸತ್ತದ್ದು ಕೊಚ್ಚಿಬಂದು ಅಲ್ಲಿ ಹೂತಿರಬಹುದು ಎಂದು ಇನ್ನೊಂದು ಪಕ್ಷ. ಈ ಎರಡನೆಯವರ ಕೈಯಲ್ಲಿ ಗಟ್ಟಿ ಸಾಕ್ಷ್ಯ ಇದೆ: ಇಂದಿನ ಚೇಳಿನ ಹೊಟ್ಟೆಯಡಿ ಇರುವ ನಾಲ್ಕು ಜೋಡಿ ಉಸಿರುಚೀಲಗಳು, ಪುಸ್ತಕದ ಹಾಳೆಯಂತೆ ಪದರ ಪದರ. ಜೇಡಗಳಲ್ಲೂ ಇದೇ ರಚನೆ ಇರುವುದರಿಂದ, ಇವೆರಡರ ಸಮಾನ ಪೂರ್ವಜನೇ ಗಾಳಿ ಉಸಿರಾಡುತ್ತಿತ್ತು ಎಂದು ಅವರ ತರ್ಕ. ಚೇಳನ್ನು ಬಕೆಟ್ ನೀರಿಗೆ ಹಾಕಿದರೂ ಗಂಟೆಗಟ್ಟಲೆ ಸಾಯದಿರುವುದನ್ನು ಜಲಚರ ಮೂಲಕ್ಕೆ ಪುರಾವೆಯಾಗಿ ಕೊಡುವವರಿದ್ದಾರೆ. ಅದು ಪುರಾವೆಯಲ್ಲ. ಚೇಳಿನ ಮೈಯ ವ್ಯಾಪಾರ ಬಹಳ ನಿಧಾನ, ಆಮ್ಲಜನಕ ಸ್ವಲ್ಪವೇ ಸಾಕು, ಅಷ್ಟೆ.

ಗಾತ್ರದ ವಿಷಯ. ಸ್ಕಾಟ್ಲೆಂಡಿನ ಈಸ್ಟ್ ಕರ್ಕ್‌ಟನ್ ಸುಣ್ಣಕಲ್ಲಿನಲ್ಲಿ ಸಿಕ್ಕ, 1994ರಲ್ಲಿ ಹೆಸರು ಪಡೆದ ಪಲ್ಮೊನೊಸ್ಕಾರ್ಪಿಯಸ್ ಸುಮಾರು 33 ಕೋಟಿ ವರ್ಷ ಹಿಂದಿನದು, 70 ಸೆಂ.ಮೀ. ಉದ್ದ ಬೆಳೆಯುತ್ತಿತ್ತು ಎಂದು ಅಂದಾಜು. ಬ್ರಾಂಟೊಸ್ಕಾರ್ಪಿಯೊ ಮೀಟರಿನ ಹತ್ತಿರ ಇತ್ತು ಎಂಬ ಲೆಕ್ಕ ಹುಟ್ಟಿದ್ದು ಇಕ್ಕಳದ ಒಂದೇ ಒಂದು ಬೆರಳಿನಿಂದ, ಅದನ್ನು ಅಷ್ಟೇ ಜಾಗರೂಕತೆಯಿಂದ ಓದಬೇಕು. ಫಾರ್ವರ್ಡ್‌ಗಳಲ್ಲಿ ತಿರುಗುವ ಎರಡೂವರೆ ಮೀಟರಿನ ದೈತ್ಯ ಜೇಕೆಲೊಪ್ಟೆರಸ್. ಜರ್ಮನಿಯಲ್ಲಿ ಸಿಕ್ಕ ಅದರ 46 ಸೆಂ.ಮೀ. ಉದ್ದದ ಕೊಕ್ಕೆ 2007ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದು ಕಡಲ ಚೇಳು ಎಂದು ಕರೆಸಿಕೊಳ್ಳುವ, ಪೂರ್ತಿ ಅಳಿದುಹೋದ ಬೇರೊಂದು ಗುಂಪು. ಈ ದೈತ್ಯರ ವಿಷ ಎಷ್ಟು ತೀಕ್ಷ್ಣವಿತ್ತು ಎಂದು ಕಲ್ಲು ಹೇಳುವುದಿಲ್ಲ. ಇಂದು ಬದುಕಿರುವವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ದೇಶದಲ್ಲೇ ಇರುವ, 20 ಸೆಂ.ಮೀ. ಮೀರುವ ಜೈಗಾಂಟೊಮೆಟ್ರಸ್ ಸ್ವಾಮರ್ಡಮಿ. ಅದೂ ದಪ್ಪ ಇಕ್ಕಳದ ಕಪ್ಪು ಬಳಗದ್ದೇ, ಮನುಷ್ಯರನ್ನು ಕೊಲ್ಲುವ ಖ್ಯಾತಿ ಇಲ್ಲದ್ದು.

ಮುರಕಲ್ಲು, ಮಡಲು, ಮಳೆ

ಕರಾವಳಿಯ ಮನೆ ಕಟ್ಟುವ ಕ್ರಮವೇ ಚೇಳಿಗೆ ಅನುಕೂಲ. ಮುರಕಲ್ಲಿನ ಮೈ ತುಂಬ ತೂತು. ಗಾರೆ ಮಾಡದ ಕಾಂಪೌಂಡಿನಲ್ಲಿ ಕಲ್ಲಿಗೂ ಕಲ್ಲಿಗೂ ನಡುವಿನ ಮಣ್ಣು ಎರಡು ಮಳೆಗಾಲಕ್ಕೆ ತೊಳೆದುಹೋಗಿ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಬಚ್ಚಲ ಒಲೆಯ ಪಕ್ಕದ ಕಟ್ಟಿಗೆ, ತೆಂಗಿನ ಸಿಪ್ಪೆ, ಒಣ ಮಡಲು, ಅಡಿಕೆ ಹಾಳೆಯ ರಾಶಿ ಚೇಳಿಗೂ ಅದು ತಿನ್ನುವ ಜಿರಳೆಗೂ ಒಂದೇ ಸೂರು. ಮೇ ಕೊನೆಯಲ್ಲಿ ಮಳೆ ಹಿಡಿದರೆ ಗುಡ್ಡೆಯ ಬಿಲಗಳಲ್ಲಿ ನೀರು ನಿಲ್ಲುತ್ತದೆ. ಒಣ ಜಾಗ ಹುಡುಕಿ ಚೇಳು ಮೇಲಕ್ಕೆ ಬರುತ್ತದೆ. ಅದಕ್ಕೆ ಹತ್ತಿರದ ಒಣ ಜಾಗ ಎಂದರೆ ನಮ್ಮ ಜಗಲಿ.

ಕೆಂಪು ಚೇಳಿನ ಕುಖ್ಯಾತ ನೆಲೆ ಉತ್ತರಕ್ಕೆ ರಾಯಗಢ, ರತ್ನಾಗಿರಿಯ ಕೊಂಕಣ ಪಟ್ಟಿ. ಘಟ್ಟದ ಮೇಲಿನ ಒಣ ಸೀಮೆಯಲ್ಲೂ ಇದೆ. ‘ನಮ್ಮಲ್ಲಿ ಬರೀ ಕಪ್ಪು ಚೇಳು’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಬೈಹುಲ್ಲು, ಇಟ್ಟಿಗೆ, ಮರದ ದಿಮ್ಮಿ ಲಾರಿಗಟ್ಟಲೆ ಘಟ್ಟ ಇಳಿದು ಬರುತ್ತಿರುವಾಗ ಸಂದಿಯಲ್ಲಿ ಅವಿತ ಚೇಳೂ ಬರಬಹುದು. ಇಂಥ ಲೋಡ್ ಇಳಿಸುವಾಗ ಕೈಗವಸು, ಬೂಟು ಇರಲಿ.

ಮನೆಯೊಳಗೆ ಬರದಂತೆ ಮಾಡಲು ಮೂರು ಕೆಲಸಕ್ಕೆ ಫಲ ಜಾಸ್ತಿ. ಬೇಸಿಗೆಯಲ್ಲಿ ಕಲ್ಲಿನ ಸಂದಿಗಳನ್ನು ಎರಡು ಸೆಂ.ಮೀ. ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ತುಂಬಬೇಕು. ಕೆರೆಯದೆ ಮೇಲೆ ಸವರಿದ ಗಾರೆ ಮೊದಲ ಮಳೆಗೇ ಸಿಪ್ಪೆಯೇಳುತ್ತದೆ. ಚೇಳು ಮೈ ಚಪ್ಪಟೆ ಮಾಡಿ ಕೆಲವೇ ಮಿಲಿಮೀಟರಿನ ಸಂದಿಯಲ್ಲೂ ನುಸುಳುವುದರಿಂದ ಬಾಗಿಲ ಅಡಿಗೆ ನೆಲ ತಾಗುವ ರಬ್ಬರ್ ಪಟ್ಟಿ, ಬಚ್ಚಲ ಮೋರಿಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಕಟ್ಟಿಗೆ ರಾಶಿ ಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಮೇಲೆ ಇರಬೇಕು. ಒರಟು ಗೋಡೆ ಹತ್ತುವ ಚೇಳು ನುಣುಪಾದ ಗಾಜು, ಗ್ಲೇಜ್ಡ್ ಟೈಲ್ಸ್ ಹತ್ತಲಾರದು. ಮಂಚವನ್ನು ಗೋಡೆಯಿಂದ ಸರಿಸಿ, ಕಾಲುಗಳನ್ನು ಗಾಜಿನ ಜಾಡಿಗಳಲ್ಲಿಟ್ಟರೆ, ಹೊದಿಕೆ ನೆಲಕ್ಕೆ ಇಳಿಬೀಳದಿದ್ದರೆ, ಹಾಸಿಗೆಗೆ ದಾರಿಯೇ ಇರುವುದಿಲ್ಲ. ನೆಲದ ಮೇಲೆ ಬಿಟ್ಟ ಮುಟ್ಟಾಳೆ, ಗಂಬೂಟು, ಹೆಲ್ಮೆಟ್ ಕೊಡವದೆ ತೊಡಬಾರದು.

ಚೇಳು ಇದೆಯೋ ಇಲ್ಲವೋ ತಿಳಿಯಲು ಸುಲಭ ಉಪಾಯ ನೇರಳಾತೀತ ಟಾರ್ಚ್, 365ರಿಂದ 395 ನ್ಯಾನೊಮೀಟರಿನದು. ಚೇಳಿನ ಹೊರಕವಚದ ತೆಳು ಪದರವೊಂದು ಆ ಬೆಳಕಿಗೆ ನೀಲಿ ಹಸಿರಾಗಿ ಹೊಳೆಯುತ್ತದೆ. ಕತ್ತಲಾದ ಮೇಲೆ ಗೋಡೆಯ ಬುಡದಲ್ಲಿ ಬೆಳಕನ್ನು ಓರೆಯಾಗಿ ಹಾಯಿಸಬೇಕು. ಬೆಳದಿಂಗಳ ರಾತ್ರಿ ಚೇಳುಗಳ ಓಡಾಟ ಕಡಿಮೆ, ಅಮಾವಾಸ್ಯೆಯ ಆಸುಪಾಸು ಒಳ್ಳೆಯದು. ಪ್ಲಾಸ್ಟಿಕ್ ಚೂರು, ಸೋಪಿನ ಕಲೆಯೂ ಹೊಳೆಯುತ್ತವೆ, ಆದರೆ ಹೆಚ್ಚಾಗಿ ಬಿಳಿಚು ನೀಲಿ. ಆಗಷ್ಟೇ ಪೊರೆ ಕಳಚಿದ ಚೇಳು ಹೊಳೆಯುವುದಿಲ್ಲ, ಏನೂ ಕಾಣಲಿಲ್ಲವೆಂದು ಬರಿಗಾಲಲ್ಲಿ ಓಡಾಡಬೇಡಿ.

ಹೊಡೆಯುವುದೋ, ಬಿಡುವುದೋ, ಔಷಧಿ ಸಿಂಪಡಿಸುವುದೋ

ಸಿಂಪಡಣೆ ಎಲ್ಲಕ್ಕಿಂತ ಕಳಪೆ ದಾರಿ. ಮೇಣದ ಲೇಪದ ಕವಚ ದಾಟಿ ಕೀಟನಾಶಕ ಒಳಹೋಗುವುದು ಕಷ್ಟ. ಸಂದಿಯ ಬಾಯಿಗೆ ಹೊಡೆದರೆ ಕಿರಿಕಿರಿಗೆ ಚೇಳು ಹೊರಬಿದ್ದು ಹಗಲಲ್ಲೇ ಮನೆಯೊಳಗೆ ಅಡ್ಡಾಡುತ್ತದೆ. ಹೊಡೆಯುವುದರಲ್ಲೂ ಒಂದು ತೊಡಕಿದೆ. ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಮೊದಲ ಪೊರೆ ಕಳಚುವವರೆಗೆ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. (ಮರಿಗಳು ತಾಯಿಯ ಹೊಟ್ಟೆ ಸೀಳಿ ಹುಟ್ಟುತ್ತವೆ ಎಂಬುದು ಕಟ್ಟುಕಥೆ.) ಅಂಥದ್ದಕ್ಕೆ ಪೊರಕೆಯಿಂದ ಬಾರಿಸಿದರೆ ಮರಿಗಳೆಲ್ಲ ಚೆಲ್ಲಾಪಿಲ್ಲಿ. ಅಗಲ ಬಾಯಿಯ ಬಾಟಲಿ ಕವುಚಿ, ಗಟ್ಟಿ ರಟ್ಟನ್ನು ಅಡಿಗೆ ತೂರಿಸಿ, ಎತ್ತಿಕೊಂಡು ಹೋಗಿ ಮನೆಯಿಂದ ದೂರದ ಕಲ್ಲುರಾಶಿಯಲ್ಲಿ ಬಿಡುವುದು ಕಪ್ಪು ಚೇಳಿನ ಮಟ್ಟಿಗೆ ಸರಿಯಾದ ಕ್ರಮ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಕೆಂಪು ಚೇಳು ಸಿಕ್ಕಾಗ ಕೊಂದವರನ್ನು ದೂರುವುದು ಕಷ್ಟ.

ಕಪ್ಪು ಚೇಳಿಗೆ ಲಕ್ಷ, ವಿಷಕ್ಕೆ ಲೀಟರಿಗೆ ಕೋಟಿ ಎಂಬ ಆಸೆಯ ಮಾತೂ ಊರೂರು ತಿರುಗುತ್ತಿದೆ. ಒಂದು ಸಲಕ್ಕೆ ಐದು ಮೈಕ್ರೊಲೀಟರ್ ವಿಷ ಸಿಗುತ್ತದೆ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ ಒಂದು ಲೀಟರಿಗೆ 2 ಲಕ್ಷ ಸಲ ಹಿಂಡಬೇಕು.

ಕುಟುಕಿದ ಮೊದಲ ಗಂಟೆಗಳು

ಕಪ್ಪು ಚೇಳು ಕುಟುಕಿದರೆ ಉರಿ, ಊತ, ಕೆಲವು ಗಂಟೆಗಳ ನೋವು. ಹುಣಸೆ ಬೀಜ ತೇದು ಅಂಟಿಸಿದರೂ, ಮಂತ್ರ ಹಾಕಿಸಿದರೂ, ಏನೂ ಮಾಡದಿದ್ದರೂ ಅದು ಇಳಿಯುತ್ತದೆ. ನಾಟಿ ಉಪಚಾರಕ್ಕೆ ಹೆಸರು ಬಂದದ್ದು ಹೀಗೆ. ಅದೇ ನಂಬಿಕೆಯಲ್ಲಿ ಕೆಂಪು ಚೇಳಿನ ಕುಟುಕಿಗೂ ಎರಡು ಗಂಟೆ ಕಾದರೆ ಕೈಬಿಟ್ಟು ಹೋಗುವುದು ಚಿಕಿತ್ಸೆಗೆ ಬೇಕಾದ ಹೊತ್ತು.

ಇಲ್ಲೊಂದು ಮುಖ್ಯ ಸೂಕ್ಷ್ಮ. ತಡೆಯಲಾರದ ನೋವಿದ್ದು ಬೇರೇನೂ ಇಲ್ಲದಿದ್ದರೆ ಅದು ಹೆಚ್ಚಾಗಿ ಅಪಾಯದ ಕುಟುಕಲ್ಲ. ನೋವು ಅಷ್ಟಾಗಿ ಇಲ್ಲದೆ ವಾಂತಿ, ಮೈಯೆಲ್ಲ ಬೆವರು, ಜೊಲ್ಲು, ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಜನನಾಂಗ ಸೆಟೆದು ನಿಲ್ಲುವುದು ಕಂಡರೆ ವಿಷ ಮೈಗೇರಿದೆ ಎಂದೇ ಅರ್ಥ. ಮಗು ಅಳು ನಿಲ್ಲಿಸಿತೆಂದು ಸಮಾಧಾನ ಪಡಬಾರದು, ಪಾದ ಮುಟ್ಟಿ ನೋಡಬೇಕು.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಉಂಗುರ, ಬಳೆ ತೆಗೆಯಿರಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಕುಟುಕಿದ ಗಂಟೆ ಬರೆದಿಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಕುಟುಕಿಸಿಕೊಂಡದ್ದು ಮಗುವಾದರೆ ಲಕ್ಷಣಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.

ಮಾತ್ರೆಯೋ, ಪ್ರತಿವಿಷವೋ

ವೈದ್ಯರ ನಡುವಿನ ಚರ್ಚೆ ಇರುವುದು ಇಲ್ಲಿ. ರಾಯಗಢ ಜಿಲ್ಲೆಯ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಕೆಂಪು ಚೇಳಿನ ವಿಷ ಹೃದಯವನ್ನು ಕೆಡಿಸುವ ಮುನ್ಸೂಚನೆಗಳನ್ನು 1982ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಬಿಗಿದ ರಕ್ತನಾಳ ಸಡಿಲಿಸುವ ಪ್ರಜೋಸಿನ್ ಎಂಬ ಅಗ್ಗದ ರಕ್ತದೊತ್ತಡದ ಮಾತ್ರೆಯನ್ನು ಇದಕ್ಕೆ ಬಳಸಿ ತೋರಿಸಿದ್ದೂ ಅವರೇ. ವಿಷ ಮೈಗೇರಿದ ಪ್ರಕರಣಗಳಲ್ಲಿ ಮೊದಲು ಸುಮಾರು ಮೂವರಲ್ಲಿ ಒಬ್ಬರು ಸಾಯುತ್ತಿದ್ದ ಕಡೆ ಸಾವು ಗಣನೀಯವಾಗಿ ತಗ್ಗಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪ್ರಜೋಸಿನ್ ವಿಷದ ಪರಿಣಾಮವನ್ನು ತಡೆಯುತ್ತದೆ, ವಿಷವನ್ನು ಅಳಿಸುವುದಿಲ್ಲ. ಅಳಿಸುವುದು ಕುದುರೆಯ ರಕ್ತದಿಂದ ತಯಾರಾಗುವ ಚೇಳಿನ ಪ್ರತಿವಿಷ. ಮಹಾಡ್‌ನಲ್ಲೇ 70 ರೋಗಿಗಳ ಮೇಲೆ ನಡೆದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡನ್ನೂ ಪಡೆದ 35 ಮಂದಿಯಲ್ಲಿ 32 ಮಂದಿ ಹತ್ತು ಗಂಟೆಯೊಳಗೆ ಪೂರ್ತಿ ಚೇತರಿಸಿಕೊಂಡರು. ಪ್ರಜೋಸಿನ್ ಮಾತ್ರ ಪಡೆದ 35 ಮಂದಿಯಲ್ಲಿ 8. ಹಾಗಿದ್ದರೆ ಎಲ್ಲರಿಗೂ ಪ್ರತಿವಿಷ ಕೊಡಬಾರದೇ? ಅಡ್ಡಿಗಳಿವೆ. ಅಡ್ರಿನಲಿನ್ ಹೊಡೆತ ಬಿದ್ದಾದ ಮೇಲೆ ಅದರ ಉಪಯೋಗ ಕಡಿಮೆಯಾಗುತ್ತದೆ, ಕುದುರೆ ಪ್ರೋಟೀನಿಗೆ ಅಲರ್ಜಿ ಆಗಬಹುದು, ಎಲ್ಲ ಕಡೆ ದಾಸ್ತಾನು ಇರುವುದಿಲ್ಲ, ಊರಿಂದೂರಿಗೆ ಕೆಂಪು ಚೇಳಿನ ವಿಷದ ಮಿಶ್ರಣವೂ ಬದಲಾಗುತ್ತದೆ. ಪ್ರಜೋಸಿನ್ ಎಲ್ಲೂ ಸಿಗುವ ಮಾತ್ರೆ. ಆದರೆ ಮೊದಲ ಡೋಸಿಗೆ ರಕ್ತದೊತ್ತಡ ಥಟ್ಟನೆ ಬೀಳಬಹುದು. ಹಾಗಾಗಿ ಮಲಗಿಸಿ, ತೂಕ ನೋಡಿ, ಪ್ರತಿ ಕಿಲೊಗೆ 30 ಮೈಕ್ರೊಗ್ರಾಂ ಲೆಕ್ಕದಲ್ಲಿ ವೈದ್ಯರೇ ಕೊಡಬೇಕು. ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಮತ್ತೆ ಕೊಡುವುದು ಕ್ರಮ. ಮನೆಯಲ್ಲಿ ಅಂದಾಜಿಗೆ ನುಂಗಿಸುವ ಮಾತ್ರೆ ಇದಲ್ಲ. ಹಾವಿನ ಪ್ರತಿವಿಷ ಚೇಳಿಗೆ ನಾಟುವುದಿಲ್ಲ, ಅದನ್ನೇ ಹಾಕಿ ಎಂದು ಆಸ್ಪತ್ರೆಯಲ್ಲಿ ಪಟ್ಟು ಹಿಡಿಯುವುದರಿಂದ ಹೊತ್ತು ಹಾಳು.

ಹಾವಿಗೆ ಸಿಕ್ಕ ಗಮನ ಚೇಳಿಗೆ ಸಿಗದಿದ್ದರೆ

ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಿದರೆ ಎಲ್ಲಿ ಎಷ್ಟು ಔಷಧಿ ಬೇಕೆಂದು ತಿಳಿಯುತ್ತದೆ. ಚೇಳಿಗೂ ಅಂಥದೇ ವ್ಯವಸ್ಥೆ ಬೇಕು. ಕುಟುಕಿದ್ದು ಕಪ್ಪೋ ಕೆಂಪೋ ಎಂದು ದಾಖಲಾಗದಿದ್ದರೆ ಯಾವ ತಾಲ್ಲೂಕಿನಲ್ಲಿ ಪ್ರತಿವಿಷ ಇಡಬೇಕು ಎಂಬುದು ಊಹೆಯ ಮಾತಾಗಿ ಉಳಿಯುತ್ತದೆ.

ಅಷ್ಟರವರೆಗೆ ಕೈಯಲ್ಲಿರುವುದು ಸಮಯ. ಸುಬ್ರಹ್ಮಣ್ಯದಿಂದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ 100 ಕಿ.ಮೀ. ಮೀರಿದ ದಾರಿ, ಕೊಲ್ಲೂರಿನಿಂದ ಮಣಿಪಾಲವೂ ಹತ್ತಿರವಲ್ಲ. ಮಳೆಯಲ್ಲಿ ಅಷ್ಟು ದೂರ ಹೊರಡುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದೊತ್ತಡ ನೋಡಿಸಿ, ವಿಷ ಮೈಗೇರಿದ್ದರೆ ಪ್ರಜೋಸಿನ್‌ನ ಮೊದಲ ಡೋಸ್ ಕೊಡುವರೇ ಎಂದು ವೈದ್ಯರನ್ನು ಕೇಳಬೇಕು. ದೊಡ್ಡ ಆಸ್ಪತ್ರೆಗೆ ಬರೆದುಕೊಡುವ ಚೀಟಿಯಲ್ಲಿ ಕುಟುಕಿದ ಗಂಟೆ, ಮೊದಲ ವಾಂತಿಯ ಗಂಟೆ, ಮಾತ್ರೆ ಕೊಟ್ಟ ಗಂಟೆ ಮತ್ತು ಆಗಿನ ರಕ್ತದೊತ್ತಡ ಇರಲಿ. ಮೊಬೈಲಿನಲ್ಲಿ ಚೇಳಿನ ಫೋಟೊ ಇದ್ದರೆ ಇಕ್ಕಳ ಕಾಣುವಂತಿರಲಿ.